‘ನೆಟ್ಟಗೆ ನಿಂತಿದೆ’ ಎಂದವರು ಯಾರು?



ವಿಜ್ಞಾನ ಪತ್ರಿಕೋದ್ಯಮದ ಬಗ್ಗೆ ನಾಲ್ಕು ಮಾತು ಆಡಲು ಕರೆದಿದ್ದೀರಿ. ನಾನು ಒಂದೇ ಒಂದು ಸುದ್ದಿಯ ಕಥೆ ಹೇಳುತ್ತೇನೆ.

2024ರ ಫೆಬ್ರವರಿ 22ರಂದು ಅಮೆರಿಕದ ಇಂಟ್ಯೂಟಿವ್ ಮೆಷಿನ್ಸ್ ಎಂಬ ಖಾಸಗಿ ಕಂಪೆನಿಯ ‘ಒಡಿಸಿಯಸ್’ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಖಾಸಗಿ ನೌಕೆಯೊಂದು ನುಚ್ಚುನೂರಾಗದೆ ಚಂದ್ರನನ್ನು ಮುಟ್ಟಿದ್ದು ಅದೇ ಮೊದಲು. ನೌಕೆ ನೆಟ್ಟಗೆ ನಿಂತಿದೆ ಎಂದು ಕಂಪೆನಿ ಪ್ರಕಟಿಸಿತು. ಪತ್ರಿಕೆಗಳೂ ಹಾಗೇ ಬರೆದವು. ಮರುದಿನ ಸುದ್ದಿಗೋಷ್ಠಿಯಲ್ಲಿ ಕಂಪೆನಿಯ ಮುಖ್ಯಸ್ಥ ಸ್ಟೀವ್ ಆಲ್ಟೆಮಸ್ ಪುಟ್ಟ ಮಾದರಿಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದರು: ನೌಕೆ ಮಗ್ಗುಲಾಗಿ ಬಿದ್ದಿತ್ತು! ಹಳೆಯ ಮಾಹಿತಿಯನ್ನು ನಂಬಿ ಮೊದಲು ಹಾಗೆ ಹೇಳಿದ್ದರಂತೆ. ಕಂಪೆನಿಯ ಷೇರು ಕುಸಿಯಿತು.

ಇದರಲ್ಲಿ ಮೋಸವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಯೋಚಿಸಿ. ಊರಿನ ಸೇತುವೆ ಕುಸಿದರೆ ವರದಿಗಾರ ಹೋಗಿ ನೋಡಬಹುದು, ಪಕ್ಕದ ಅಂಗಡಿಯವರನ್ನು ಕೇಳಬಹುದು. ಸುಮಾರು 3.8 ಲಕ್ಷ ಕಿಲೋಮೀಟರ್ ದೂರದಲ್ಲಿ ಯಾರನ್ನು ಕೇಳುವುದು? ಅಲ್ಲಿ ಸಾಕ್ಷಿಯೂ ಕಂಪೆನಿಯೇ, ಲಾಭನಷ್ಟದ ಪಾಲುದಾರನೂ ಕಂಪೆನಿಯೇ. ‘ಎಂದು ಕಂಪೆನಿ ಹೇಳಿದೆ’ ಎಂಬ ತುಂಡು ವಾಕ್ಯ ಆದ್ದರಿಂದಲೇ ಬೇಕು. ನಾವು ಕನ್ನಡಕ್ಕೆ ಅನುವಾದಿಸುವಾಗ ಮೊದಲು ಉದುರಿಹೋಗುವುದೂ ಅದೇ.

ಇಳಿಯುವಾಗ ಎತ್ತರ ಅಳೆಯಬೇಕಾದ ಲೇಸರ್ ಕೆಲಸ ಮಾಡಿರಲಿಲ್ಲ. ಉಡಾವಣೆಗೆ ಮುಂಚೆ ಕೈಯಿಂದಲೇ ಬದಲಿಸಬೇಕಾದ ಸುರಕ್ಷತಾ ಸ್ವಿಚ್ಚನ್ನು ಯಾರೂ ಬದಲಿಸಿರಲಿಲ್ಲ. ಇಷ್ಟನ್ನು ಕಂಪೆನಿಯೇ ಹೇಳಿತು. ಮರೆವು ಯಾರಿಗಿಲ್ಲ ಎಂದು ನಾವೂ ನೀವೂ ಅಲ್ಲಿಗೇ ಬಿಡುತ್ತಿದ್ದೆವೇನೋ. ರಾಯಿಟರ್ಸ್ ಸುದ್ದಿಸಂಸ್ಥೆ ಬಿಡಲಿಲ್ಲ. ಹೊರಡುವ ಮುನ್ನ ಆ ಲೇಸರನ್ನು ಒಮ್ಮೆ ಚಾಲೂ ಮಾಡಿ ಪರೀಕ್ಷಿಸಿದ್ದರೆ ತಪ್ಪು ಸಿಗುತ್ತಿತ್ತಲ್ಲವೇ? ಸಮಯ ಮತ್ತು ಹಣ ಉಳಿಸಲು ಆ ಪರೀಕ್ಷೆಯನ್ನೇ ಕೈಬಿಡಲಾಗಿತ್ತು ಎಂದು ಕಂಪೆನಿಯ ಅಧಿಕಾರಿಯೊಬ್ಬರು ರಾಯಿಟರ್ಸ್‌ಗೆ ತಿಳಿಸಿದರು. ಈ ಯಾನಕ್ಕೆ ನಾಸಾ ಕೊಟ್ಟದ್ದು ಸುಮಾರು 11.8 ಕೋಟಿ ಡಾಲರ್, ಅಂದರೆ ಅಲ್ಲಿನ ಜನರ ತೆರಿಗೆ ಹಣ. ಮರೆವು ಬೇರೆ, ಉಳಿತಾಯದ ತೀರ್ಮಾನ ಬೇರೆ.

ಹಾಗೆಂದು ಸೋಲನ್ನೇ ಹುಡುಕುತ್ತ ಕೂರಬೇಕಿಲ್ಲ. ಬಿದ್ದ ಸ್ಥಿತಿಯಲ್ಲೂ ಆ ನೌಕೆ ಸುಮಾರು ಒಂದು ವಾರ ಮಾಹಿತಿ ಕಳುಹಿಸಿತು, ಅದನ್ನೂ ಬರೆಯಬೇಕು. 2025ರ ಮಾರ್ಚ್ 2ರಂದು ಫೈರ್‌ಫ್ಲೈ ಕಂಪೆನಿಯ ‘ಬ್ಲೂ ಗೋಸ್ಟ್’ ನೆಟ್ಟಗೆ ಇಳಿಯಿತು. ನಾಲ್ಕೇ ದಿನಗಳ ನಂತರ ಇಂಟ್ಯೂಟಿವ್ ಮೆಷಿನ್ಸ್‌ನ ಎರಡನೆಯ ನೌಕೆಯೂ ಮಗುಚಿತು. ಆ ಸಲ ಮಾತ್ರ ಅದೇ ದಿನದ ಸುದ್ದಿಗೋಷ್ಠಿಯಲ್ಲಿ ಆಲ್ಟೆಮಸ್, ನೌಕೆ ಸರಿಯಾಗಿ ನಿಂತಿರುವಂತೆ ಕಾಣುವುದಿಲ್ಲ ಎಂದರು.