ಹಟವಲ್ಲ, ಕಾಯಿಲೆ

ಅಜ್ಜಂಪುರದಲ್ಲಿ ನನ್ನ ತಂಗಿಯ ಮಗಳು ತನ್ನ ಹದಿನೈದನೆಯ ವಯಸ್ಸಿನಲ್ಲಿ ಊಟ ಬಿಡತೊಡಗಿದಾಗ ನಮಗೆ ಕಂಡದ್ದು ಕಾಯಿಲೆಯಲ್ಲ, ಹಟ. ಮೊದಲು ಸಿಹಿ ಹೋಯಿತು, ಬಳಿಕ ತುಪ್ಪ, ಆಮೇಲೆ ರಾತ್ರಿಯೂಟ. ಸೋಮವಾರದ ಉಪವಾಸ ಶನಿವಾರಕ್ಕೂ ಹಬ್ಬಿತು. ಅಜ್ಜಿ ದೃಷ್ಟಿ ತೆಗೆದರು; ಭಾವನವರು ಗದರಿದರು. ತರೀಕೆರೆಯಿಂದ ಹೋದ ನಾನು, ಸೋದರಮಾವನೆಂಬ ಸಲುಗೆಯಿಂದಲೂ ನಿವೃತ್ತ ಅಧ್ಯಾಪಕನೆಂಬ ಗತ್ತಿನಿಂದಲೂ, ಅನ್ನದ ಮಹಿಮೆಯನ್ನು ಉಪದೇಶಿಸಿ ಬಂದೆ. ಅವಳು ವಿನಯದಿಂದ ಕೇಳಿದಳು. ತಟ್ಟೆ ಮಾತ್ರ ಹಾಗೆಯೇ ಉಳಿಯಿತು.

ಕಡೂರಿನ ವೈದ್ಯರೊಬ್ಬರು ನಾಡಿ ಹಿಡಿದು ಗಂಭೀರರಾದರು. ನಾಡಿ ನಿಧಾನವಾಗಿತ್ತು, ಕೈಕಾಲು ತಣ್ಣಗಿದ್ದವು, ಮುಟ್ಟು ನಿಂತು ತಿಂಗಳುಗಳಾಗಿದ್ದವು. ಅಲ್ಲಿಂದಲೇ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು.

ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿ ಈ ಕಾಯಿಲೆಯನ್ನು ಅನೊರೆಕ್ಸಿಯಾ ನರ್ವೋಸಾ ಎಂದು ಕರೆದರು. ಹಸಿವಿಲ್ಲದಿರುವುದು ಎಂಬುದು ಆ ಹೆಸರಿನ ಅರ್ಥವಾದರೂ, ಹಸಿವು ಅಲ್ಲಿ ಇದ್ದೇ ಇರುತ್ತದೆ. ಭಯ ಅದನ್ನು ಅದುಮಿರುತ್ತದೆ. ಹಲವರಿಗೆ ಅದು ದಪ್ಪಗಾಗುವ ಭಯ. ಕೆಲವರು ಅದನ್ನು ಹೇಳದೆ, ಹೊಟ್ಟೆ ಭಾರ, ಊಟ ಸೇರದು ಎಂದಷ್ಟೇ ಹೇಳುವುದೂ ಉಂಟು.

ಚಿಕಿತ್ಸೆಯ ಮೊದಲ ಹೆಜ್ಜೆ ದೇಹದ ರಕ್ಷಣೆ. ಬಹುಕಾಲ ಉಣ್ಣದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ರಂಜಕದ ಅಂಶ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಆದುದರಿಂದ ತೀರ ಸೊರಗಿದವರಿಗೆ ವೈದ್ಯರ ಕಣ್ಣೆದುರಿನಲ್ಲಿ, ಅಳೆದು, ಮೆಲ್ಲನೆ ಆಹಾರ ಹೆಚ್ಚಿಸಬೇಕು. ಅನಂತರದ್ದು ಮನೆಯ ಕೆಲಸ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆ ತಂದೆತಾಯಿಗಳನ್ನು ದೂಷಿಸುವುದಿಲ್ಲ. ಅವರನ್ನೇ ಶುಶ್ರೂಷಕರನ್ನಾಗಿ ಮಾಡುತ್ತದೆ. ಮೊದಲು ಏನನ್ನು ಎಷ್ಟು ಉಣ್ಣಬೇಕೆಂಬುದನ್ನು ಹೆತ್ತವರು ನಿರ್ಧರಿಸುತ್ತಾರೆ. ತೂಕ ಮರಳಿದಂತೆ ಆ ಅಧಿಕಾರವನ್ನು ಮಗುವಿಗೆ ಹಿಂದಿರುಗಿಸುತ್ತಾರೆ. ಕೊನೆಗೆ ಓದು, ಗೆಳೆತನ, ಹರೆಯದ ಇತರ ಚಿಂತೆಗಳ ಕಡೆಗೆ ಮಾತು ಹೊರಳುತ್ತದೆ.

ಹೇಳಿದಷ್ಟು ಸುಲಭವಲ್ಲ ಇದು. ಒಂದು ಹಿಡಿ ಮುದ್ದೆಯ ಮುಂದೆ ನನ್ನ ತಂಗಿ ಗಂಟೆಗಟ್ಟಲೆ ಕುಳಿತಳು. ಗದರಲಿಲ್ಲ, ಎದ್ದೂ ಹೋಗಲಿಲ್ಲ. ಮಗಳು ಅತ್ತಾಗ, "ಇದು ನಿನ್ನ ತಪ್ಪಲ್ಲ ಕಂದ, ಕಾಯಿಲೆಯದು. ಆದರೂ ಈ ತುತ್ತು ಉಣ್ಣಲೇಬೇಕು" ಎಂದಳು. ನನ್ನ ಉಪದೇಶದಿಂದಾಗದ್ದು ಆ ತಾಳ್ಮೆಯಿಂದಾಯಿತು.

ನಿಮ್ಮ ಮನೆಯಲ್ಲೂ ಇಂಥ ತಟ್ಟೆ ಉಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಕಳೆದ ಯುಗಾದಿಯಂದು ಅವಳು ಒಬ್ಬಟ್ಟನ್ನು ಮುಟ್ಟಲಿಲ್ಲ. ಆದರೆ ಅನ್ನ, ಸಾರು, ಪಲ್ಯಗಳನ್ನು ಪೂರ್ತಿ ಉಂಡಳು. ಪಕ್ಕದಲ್ಲಿ ಕುಳಿತಿದ್ದ ನಾನು ಏನೂ ಹೇಳಲಿಲ್ಲ. ನನ್ನ ತಟ್ಟೆಯನ್ನು ನೋಡಿಕೊಂಡು ಉಂಡೆ.