ನಮ್ಮೂರು ಎಂದರೆ ಯಾವ ಊರು?

(ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮೊದಲು ಮಾತಾಡುವವರು ಬೇಗ ಮುಗಿಸಬೇಕೆಂದು ಕಾರ್ಯದರ್ಶಿಗಳು ಮೊದಲೇ ಎಚ್ಚರಿಸಿದ್ದಾರೆ. ಬಿಸಿಬೇಳೆ ಭಾತ್ ತಣ್ಣಗಾಗುವ ಮುನ್ನ ಮುಗಿಸುತ್ತೇನೆ.

ಕಳೆದ ವರ್ಷ ನಾನಿರುವ ಊರಿನ ಹವ್ಯಾಸಿ ತಂಡದವರು ‘ಅವರ್ ಟೌನ್’ ನಾಟಕ ಆಡಿದರು. ಥಾರ್ನ್‌ಟನ್ ವೈಲ್ಡರ್ ಬರೆದ ಈ ನಾಟಕ 1938ರಲ್ಲಿ ರಂಗಕ್ಕೆ ಬಂತು, ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆಯಿತು. ಅಮೆರಿಕದ ಶಾಲೆಗಳಲ್ಲಿ, ಸಣ್ಣಪುಟ್ಟ ಊರುಗಳಲ್ಲಿ ಇಂದಿಗೂ ಇದನ್ನು ಆಡುತ್ತಲೇ ಇರುತ್ತಾರೆ. ನ್ಯೂ ಹ್ಯಾಂಪ್‌ಷೈರಿನ ಗ್ರೋವರ್ಸ್ ಕಾರ್ನರ್ಸ್ ಎಂಬ ಕಾಲ್ಪನಿಕ ಊರು. ಅಕ್ಕಪಕ್ಕದ ಮನೆಯ ಹುಡುಗ ಜಾರ್ಜ್, ಹುಡುಗಿ ಎಮಿಲಿ. ಅವರ ಓದು, ಮದುವೆ, ಕೊನೆಗೆ ಒಂದು ಸಾವು. ಕಥೆ ಇಷ್ಟೇ.

ರಂಗದ ಮೇಲೆ ಪರದೆ ಇಲ್ಲ, ಮನೆ ಇಲ್ಲ. ಮೇಜು, ಕುರ್ಚಿ, ಎರಡು ಏಣಿ ಅಷ್ಟೇ. ಹಾಲಿನವನು ಇಲ್ಲದ ಕುದುರೆಯನ್ನು ನಡೆಸಿಕೊಂಡು ಬರುತ್ತಾನೆ. ಹೆಂಗಸರು ಇಲ್ಲದ ಹುರುಳಿಕಾಯಿಯ ನಾರು ತೆಗೆಯುತ್ತಾರೆ. ‘ಸ್ಟೇಜ್ ಮ್ಯಾನೇಜರ್’ ಎಂಬ ಪಾತ್ರಧಾರಿ ನಮ್ಮ ಯಕ್ಷಗಾನದ ಭಾಗವತರ ಹಾಗೆ ಕಥೆ ನಡೆಸುತ್ತಾನೆ. ಒಂದೇ ಪೀಠ ಸಿಂಹಾಸನವೂ ರಥವೂ ಆಗುವುದನ್ನು ನೋಡಿ ಬೆಳೆದ ನಮಗೆ ಇದು ಹೊಸದಲ್ಲ.

ಪಕ್ಕದ ಮನೆಯವರ ಒತ್ತಾಯಕ್ಕೆ ನಾನೂ ಒಂದು ಪಾತ್ರ ಮಾಡಿದೆ. ಪ್ರೊಫೆಸರ್ ವಿಲ್ಲರ್ಡ್. ಊರಿನ ಬಂಡೆ, ಮಣ್ಣು, ಜನಸಂಖ್ಯೆಯ ಬಗ್ಗೆ ಐದು ನಿಮಿಷ ಕೊರೆದು ಹೋಗುವ ಮೇಷ್ಟ್ರು. “ನನ್ನದು ಮಂಡ್ಯದ ಇಂಗ್ಲಿಷ್, ಆದೀತೇ?” ಎಂದೆ. “ಪ್ರೊಫೆಸರ್ ಹೊರಗಿನಿಂದ ಬಂದವರು ತಾನೇ, ಸರಿಹೋಗುತ್ತೆ” ಎಂದರು ನಿರ್ದೇಶಕಿ. ಹೆಂಡತಿ, “ಕೊರೆಯೋದಕ್ಕೆ ನಿಮಗೆ ರಿಹರ್ಸಲ್ ಬೇರೆ ಬೇಕಾ?” ಎಂದಳು!

ಪ್ರೊಫೆಸರ್ ಊರಿನ ಜನಸಂಖ್ಯೆ 2,640 ಎನ್ನುತ್ತಾರೆ. ಸ್ಟೇಜ್ ಮ್ಯಾನೇಜರ್ ಕಿವಿಯಲ್ಲಿ ಏನೋ ಉಸುರುತ್ತಾನೆ. ಕೂಡಲೇ ಪ್ರೊಫೆಸರ್ 2,642 ಎಂದು ತಿದ್ದಿಕೊಳ್ಳುತ್ತಾರೆ. ಅಂದು ಬೆಳಗಿನ ಜಾವ ಅವಳಿ ಮಕ್ಕಳು ಹುಟ್ಟಿರುತ್ತವೆ. ಎಲ್ಲಿ ಗೊತ್ತೇ? ರೈಲು ಹಳಿಯ ಆಚೆ, ಪೋಲೆಂಡಿನಿಂದ ಬಂದವರ ಕೇರಿಯಲ್ಲಿ. ಸಭಿಕರು ನಗುತ್ತಿದ್ದರು. ನನಗೆ ಮಾತ್ರ ಪ್ರತಿ ಸಲವೂ ಗಂಟಲು ಕಟ್ಟುತ್ತಿತ್ತು. ನನ್ನ ಇಬ್ಬರು ಮಕ್ಕಳೂ ಈ ಊರಿನ ಆಸ್ಪತ್ರೆಯಲ್ಲೇ ಹುಟ್ಟಿದವರು. ಇಷ್ಟು ವರ್ಷ ‘ನಮ್ಮೂರು’ ಎಂದರೆ ಮಂಡ್ಯ, ಇದು ‘ಇರೋ ಊರು’ ಎನ್ನುತ್ತಿದ್ದೆ. ಈ ಊರು ಅವರನ್ನು ಎಂದೋ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಸೇರಿಸಿಕೊಳ್ಳದೆ ಉಳಿದಿದ್ದವನು ನಾನು.

ಮೂರನೆಯ ಅಂಕ ಸ್ಮಶಾನದಲ್ಲಿ ನಡೆಯುತ್ತದೆ. ಎರಡನೆಯ ಹೆರಿಗೆಯಲ್ಲಿ ತೀರಿಕೊಂಡ ಎಮಿಲಿಗೆ ತನ್ನ ಬಾಳಿನ ಒಂದು ದಿನಕ್ಕೆ ಮರಳುವ ಆಸೆ. ಹನ್ನೆರಡನೆಯ ಹುಟ್ಟುಹಬ್ಬವನ್ನು ಆರಿಸಿಕೊಳ್ಳುತ್ತಾಳೆ. ಅಮ್ಮ ಒಲೆಯ ಮುಂದೆ ಗಡಿಬಿಡಿಯಲ್ಲಿದ್ದಾಳೆ. ಒಂದು ಗಳಿಗೆ ನನ್ನ ಮುಖ ನೋಡು ಎಂದು ಎಮಿಲಿ ಹಂಬಲಿಸುತ್ತಾಳೆ. ಅಮ್ಮನಿಗೆ ಕೆಲಸ. ಎಮಿಲಿಗೆ ತಡೆಯಲಾಗದೆ ಹಿಂತಿರುಗುತ್ತಾಳೆ.

ನೇಪಥ್ಯದಲ್ಲಿ ನಿಂತು ಇದನ್ನು ಕೇಳುತ್ತಿದ್ದ ನನಗೆ ನಮ್ಮಮ್ಮನ ಫೋನು ನೆನಪಾಗುತ್ತಿತ್ತು. ಪ್ರತಿ ಭಾನುವಾರ, “ಊಟ ಆಯ್ತೇನೋ?” “ಆಯ್ತಮ್ಮ.” “ಏನು ಮಾಡಿದ್ರಿ?” “ಏನೋ ಒಂದು, ಬಿಡಮ್ಮ.” ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಆಫೀಸಿನ ಕೆಲಸ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನಾಟಕದಲ್ಲಿ ಅಮ್ಮನಿಗೆ ಪುರುಸೊತ್ತಿರಲಿಲ್ಲ; ನಮ್ಮ ಮನೆಯಲ್ಲಿ ಪುರುಸೊತ್ತಿಲ್ಲದವನು ಮಗ.

ಬಿಟ್ಟು ಬಂದ ಊರನ್ನು ನೆನೆಯುತ್ತಾ ಇರುವ ಊರನ್ನು ನೋಡಲಿಲ್ಲ. ಇರುವ ಊರಿನ ಕೆಲಸದಲ್ಲಿ ಮುಳುಗಿ ಅಲ್ಲಿಂದ ಬಂದ ದನಿಯನ್ನೂ ಸರಿಯಾಗಿ ಕೇಳಲಿಲ್ಲ. ಈ ಎರಡು ತಪ್ಪನ್ನೂ ನನಗೆ ತೋರಿಸಿದ್ದು ಐದು ನಿಮಿಷದ ಒಂದು ಪಾತ್ರ.

ಈ ಸಂಜೆ ಎಲ್ಲರೂ ಕೈಲಾದಷ್ಟು ಕೊಡಿ, ಅದನ್ನು ಹೇಳಲೆಂದೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಅದರ ಜೊತೆಗೆ ಇನ್ನೆರಡು ಕೋರಿಕೆ. ನಿಮ್ಮ ಊರಿನಲ್ಲಿ ನಾಟಕವೋ ಜಾತ್ರೆಯೋ ನಡೆದರೆ ಸುಮ್ಮನೆ ಹೋಗಿ ಬನ್ನಿ. ನಾಳೆ ಊರಿನಿಂದ ಫೋನು ಬಂದು “ಊಟ ಆಯ್ತಾ?” ಎಂದರೆ, ಏನು ಊಟ ಅನ್ನುವುದನ್ನೂ ನಿಧಾನವಾಗಿ ಹೇಳಿ.

ಭಾತ್ ಇನ್ನೂ ಬಿಸಿಯಾಗಿದೆ ಎಂದುಕೊಂಡಿದ್ದೇನೆ.