ವ್ಯಕ್ತಿ, ಆಳು, ಬದಲಿ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



'ವ್ಯಕ್ತಿತ್ವ ಎಂದರೇನು?' ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು, ಪಂಡಿತರ ಕೈಗೆ ಸಿಕ್ಕರೆ ಬೆಳಗಾಗುತ್ತದೆ. ನಿಮ್ಮಲ್ಲಿ ಅನೇಕರು ನಾಳೆ ಮುಂಜಾನೆ ಐದಕ್ಕೆ ಒಲೆಯ ಮುಂದಿರಬೇಕು. ಆದುದರಿಂದ ನಾವು ಕೆಲವು ಶಬ್ದಗಳನ್ನಷ್ಟೇ ಹಿಡಿದುಕೊಂಡು ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು 'ವ್ಯಕ್ತಿ'. ಸಂಸ್ಕೃತದಿಂದ ಬಂದ ಮಾತು. ವ್ಯಕ್ತವಾಗುವುದು, ಅಂದರೆ ಮರೆಯಲ್ಲಿದ್ದದ್ದು ಹೊರಗೆ ಕಾಣಿಸಿಕೊಳ್ಳುವುದು, ಇದರ ಮೂಲಾರ್ಥ. ಇಂಗ್ಲಿಷಿನ 'ಇಂಡಿವಿಜುವಲ್' ಲ್ಯಾಟಿನಿನಿಂದ ಬಂತು. ಅದಕ್ಕೆ 'ಮತ್ತೆ ಒಡೆಯಲು ಬಾರದ್ದು' ಎಂದರ್ಥ. ಗುಂಪನ್ನು ಒಡೆಯುತ್ತ ಹೋದರೆ ಕೊನೆಗೆ ಉಳಿಯುವ ಒಬ್ಬ. ಅವರ 'ಪರ್ಸನ್' ಎಂಬುದು ನಾಟಕದ ಮುಖವಾಡದ ಹೆಸರಿನಿಂದ ಹುಟ್ಟಿತು. ನಮಗೆ ನಮ್ಮ ಮಾತೇ ಹೆಚ್ಚು ಹಿಡಿಸುತ್ತದೆ. ಕಾಣಿಸಿಕೊಳ್ಳಬೇಕಾದರೆ ನೋಡುವವರೂ ಬೇಕಲ್ಲವೇ?

ಇನ್ನು ಅಚ್ಚಗನ್ನಡದ 'ಆಳು'. ಗದ್ದೆಗೆ ಹತ್ತಾಳು ಬೇಕು ಅನ್ನುತ್ತೇವೆ. ಬಾವಿಯಲ್ಲಿ ಎರಡಾಳು ನೀರಿದೆ ಅನ್ನುತ್ತೇವೆ. ಮನುಷ್ಯ, ಚಾಕರ, ಅಳತೆಗೋಲು, ಮೂರೂ ಅವನೇ. ಅದೇ ಉಚ್ಚಾರದ ಕ್ರಿಯಾಪದಕ್ಕೆ ರಾಜ್ಯವಾಳುವುದು ಎಂಬ ಅರ್ಥ ಬೇರೆ! ಆಳು ಆಳುವವನಾಗುವುದು ವ್ಯಾಕರಣದಲ್ಲಿ ಇಷ್ಟು ಸುಲಭ.

ಮೂರನೆಯ ಮಾತು ಪುಸ್ತಕದ್ದಲ್ಲ, ಗಿರಣಿಯ ಬಾಗಿಲಿನದು: 'ಬದಲಿ'. ಇಲ್ಲಿ ಕುಳಿತ ಹಿರಿಯರಿಗೆ ವಿವರಿಸಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇವೆ. ಕಾಯಂ ಕೆಲಸಗಾರನು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು ಬದಲಿ. ಪಾಳಿಗೆ ಮುಂಚೆ ಬಂದು ಬಾಗಿಲಲ್ಲಿ ಕಾಯಬೇಕು. ಕರೆ ಬಂದರೆ ಒಳಗೆ, ಇಲ್ಲವಾದರೆ ಮರಳಿ ಖೋಲಿಗೆ. ವರ್ಷಗಟ್ಟಲೆ ಹೀಗೆಯೇ ಕಳೆದವರುಂಟು. ವ್ಯಕ್ತಿಗೆ ವಿರುದ್ಧವಾದದ್ದು ಸಮಾಜ ಎಂದು ಕೆಲವರು ಬರೆಯುತ್ತಾರೆ. ನಮ್ಮನ್ನು ಕೇಳಿದರೆ ವ್ಯಕ್ತಿಗೆ ವಿರುದ್ಧಪದ 'ಬದಲಿ'. ಇವನಿಲ್ಲದಿದ್ದರೆ ಇನ್ನೊಬ್ಬ, ಯಾರಾದರೇನು ಎಂಬ ಲೆಕ್ಕ ಅದು.

ಹೋಟೆಲಿನಲ್ಲಿ ಈ ಲೆಕ್ಕವನ್ನು 'ಏ ಹುಡುಗಾ', 'ಏ ಮಾಣಿ' ಎಂಬ ಕೂಗು ಮಾಡುತ್ತದೆ. ತಲೆ ನರೆತವನೂ ಹುಡುಗನೇ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ, ಹೋಟೆಲಿನ ಪ್ರತಿಯೊಬ್ಬ ಕೆಲಸಗಾರನಿಗೂ ಮಾಲೀಕನು ಗುರುತಿನ ಚೀಟಿ ಕೊಡಬೇಕೆಂಬ ವಿಧಿಯಿತ್ತು. ಕೆಲಸದ ವೇಳೆ, ವಿಶ್ರಾಂತಿಯ ವೇಳೆ, ರಜೆ, ಜೊತೆಗೆ ರುಜು ಅಥವಾ ಹೆಬ್ಬೆಟ್ಟು ಅದರಲ್ಲಿರಬೇಕು. 2017ರ ಮಹಾರಾಷ್ಟ್ರದ ಹೊಸ ಕಾನೂನು ಅದರ ಸ್ಥಾನಕ್ಕೆ ಬಂತು. ಹಳೆಯ ಚೀಟಿ ಎಷ್ಟು ಜನರ ಜೇಬು ಸೇರಿತೆಂಬುದು ಬೇರೆ ಮಾತು. ಆದರೆ ಅದು ಹೇಳುತ್ತಿದ್ದುದನ್ನು ಗಮನಿಸಿ: ದಿನದ ಇಷ್ಟು ಗಂಟೆ ಮಾಲೀಕನದು, ಉಳಿದದ್ದು ಈ ಮನುಷ್ಯನದು. 'ಸ್ವಂತ' ಎಂಬ ಶಬ್ದ ನಮ್ಮಂಥವರಿಗೆ ಶುರುವಾಗುವುದು ಅಲ್ಲಿಂದ.

ಹೆಬ್ಬೆಟ್ಟಿನ ಮಾತು ಬಂತು. ಒಬ್ಬನ ಹೆಬ್ಬೆಟ್ಟಿನ ಗುರುತು ಇನ್ನೊಬ್ಬನದರಂತಿಲ್ಲ. ಪೊಲೀಸರೂ ಇದನ್ನು ನಂಬಿಯೇ ಕಳ್ಳನನ್ನು ಹಿಡಿಯುತ್ತಾರೆ. ಹಾಗಾದರೆ ಗುರುತಿಗೆ ಹೆಬ್ಬೆಟ್ಟೇ ಸಾಕು. ಆದರೂ ಈ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲಿನ ಮಕ್ಕಳು ದಿನವಿಡೀ ಕಪ್ಪುಬಸಿ ತೊಳೆದು, ನಿದ್ದೆಗಣ್ಣಿನಲ್ಲಿ ಬಂದು ಕುಳಿತು ಹೆಸರು ಬರೆಯಲು ಕಲಿತರು. ಏಕೆ? ಹೆಬ್ಬೆಟ್ಟು ಹುಟ್ಟಿನಿಂದ ಬಂದದ್ದು, ರುಜು ತಾನು ಮಾಡಿಕೊಂಡದ್ದು. ವ್ಯಕ್ತಿಗೂ ವ್ಯಕ್ತಿತ್ವಕ್ಕೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ.

ರುಜುವಿನ ವಿಷಯದಲ್ಲಿ ನಮ್ಮ ಹಿರಿಯನೊಬ್ಬನಿದ್ದಾನೆ. 12ನೆಯ ಶತಮಾನದ ಶರಣರಲ್ಲಿ ಹೆಚ್ಚಿನವರು ವಚನದ ಕೊನೆಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ಇದು ಅಹಂಕಾರವೇ? ಬರಿಯ ಚೌಡಯ್ಯ ಎಂದು ಹಾಕಿಕೊಂಡಿದ್ದರೆ ಹಾಗೆನ್ನಬಹುದಿತ್ತೋ ಏನೋ. ಅವನು ಕಸುಬನ್ನು ಮುಂದೆ ಇಟ್ಟು ತನ್ನನ್ನು ಹಿಂದೆ ನಿಲ್ಲಿಸಿದ. ತಾನೂ ಇದ್ದಾನೆ, ತನ್ನ ಹಾಗೆ ಹುಟ್ಟು ಹಾಕುವವರೆಲ್ಲರೂ ಆ ಹೆಸರಿನಲ್ಲಿದ್ದಾರೆ.

ತಾಯಂದಿರಿಗೂ ಒಂದು ಮಾತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಪಟ್ಟಿಯಿಂದ ಹೊರಗುಳಿದರು. ಅವರು ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಹೆಸರಿಲ್ಲದೆ ಮತವಿಲ್ಲ ಎಂದು ಚುನಾವಣಾ ಆಯುಕ್ತ ಸುಕುಮಾರ ಸೇನರು ಹಟ ಹಿಡಿದರು. ಕಠಿಣವೆನಿಸಿದರೂ ಅವರು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಗಲ್ಲಾದ ಹಿಂದೆ ಕುಳಿತವರು ಪ್ರೀತಿಯಿಂದಲೇ ಹೇಳುವುದುಂಟು: "ನೀನು ಬುದ್ಧಿವಂತ, ನಿನಗೆ ಈ ಸಂಘದ ಗುಂಪು ಏಕಪ್ಪಾ? ನಿನ್ನ ಏಳಿಗೆ ನೀನು ನೋಡಿಕೋ." ಕೇಳಲು ಹಿತವಾಗಿರುತ್ತದೆ. ತನ್ನ ಏಳಿಗೆ ಬಯಸುವುದು ಪಾಪವಲ್ಲ. ಊರಿಗೆ ಮನಿಯಾರ್ಡರು ಕಳಿಸಿದವರೆಲ್ಲ ಬಯಸಿದ್ದು ಅದನ್ನೇ. ಆದರೆ ಹಳೆಯ ಗ್ರೀಕರು ಊರಿನ ಕೆಲಸಕ್ಕೆ ಬಾರದೆ ತನ್ನಷ್ಟಕ್ಕೆ ಇರುವವನಿಗೆ ಇಟ್ಟ ಹೆಸರೇ ಮುಂದೆ ಇಂಗ್ಲಿಷಿನ 'ಈಡಿಯಟ್' ಆಯಿತು. ಮುಂದಿನ ಸಲ ಬುದ್ಧಿವಂತನೆಂದು ಹೊಗಳಿದರೆ ಇದನ್ನು ನೆನಪಿಗೆ ತಂದುಕೊಳ್ಳಿ.

ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡಿದೆಯೆಂದು ಸಂತೋಷಪಟ್ಟರು. ಅದೇ ಅಂಬೇಡ್ಕರರು ಹತ್ತು ವರ್ಷ ಮೊದಲು, 1938ರ ನವೆಂಬರ್ 7ರಂದು, ಕಾರ್ಮಿಕರ ಮುಷ್ಕರದ ಹಕ್ಕನ್ನು ಬಿಗಿಮಾಡುವ ಮಸೂದೆಯ ವಿರುದ್ಧ ಇದೇ ಮುಂಬಯಿಯಲ್ಲಿ ನಡೆದ ಮುಷ್ಕರದ ಮುಂದಾಳುಗಳಲ್ಲಿ ಒಬ್ಬರು. ವ್ಯಕ್ತಿಯೋ ಸಂಘವೋ ಎಂದು ಅವರು ಆರಿಸಲು ಕೂರಲಿಲ್ಲ. ಹಾಗೆಂದು ಸಂಘದ ತಪ್ಪನ್ನು ನಾವು ಮುಚ್ಚುವುದಿಲ್ಲ. ಕೈಯೆತ್ತಲು ಹೇಳಿದಾಗ ಎತ್ತದವನನ್ನು ದ್ರೋಹಿಯೆನ್ನುವ ಚಾಳಿ ಸಂಘಗಳಲ್ಲೂ ಇದೆ. ಅಂಥ ಸಭೆಯಲ್ಲಿ ಸದಸ್ಯನೂ ಬದಲಿಯೇ ಆಗುತ್ತಾನೆ.

1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು ಎಂದು ಹೇಳುತ್ತೇವೆ. ಸಂಖ್ಯೆ ಹೇಳುವುದು ಸುಲಭ. ಒಬ್ಬ ಊರಿಗೆ ಹೋದ, ಒಬ್ಬ ತರಕಾರಿ ಮಾರಿದ, ಒಬ್ಬನ ಹೆಂಡತಿ ಖಾನಾವಳಿ ನಡೆಸಿ ಮನೆ ನಿಭಾಯಿಸಿದಳು. ಬಳಿಕ ಗಿರಣಿಗಳು ಮುಚ್ಚಿ, ಆ ಜಾಗದಲ್ಲಿ ಗಿರಣಿಯವರಿಗೆಂದು ಕಟ್ಟಿದ ಮನೆಗಳಿಗೆ 2012ರಲ್ಲಿ ಮ್ಹಾಡಾ ಚೀಟಿ ಎತ್ತಿತು. ಆಗ ಪ್ರತಿಯೊಬ್ಬನೂ ತಾನು ಗಿರಣಿಯಲ್ಲಿದ್ದೆನೆಂದು ಕಾಗದದಿಂದ ತೋರಿಸಬೇಕಾಯಿತು. ಟ್ರಂಕಿನ ತಳದಿಂದ ಹಳೆಯ ಟಿಕೇಟು, ಹಾಜರಿ ಕಾರ್ಡು, ಭವಿಷ್ಯನಿಧಿಯ ಚೀಟಿ ಹೊರಬಂದವು. ಯಾವ ನಂಬರಿನಿಂದ ಕರೆದಾಗ ಅಂದು ಮೈ ಉರಿಯುತ್ತಿತ್ತೋ ಅದೇ ನಂಬರು ಇವನು ಇವನೇ ಎಂಬುದಕ್ಕೆ ಸಾಕ್ಷಿಯಾಯಿತು. ಕಾಗದ ಕಳೆದುಕೊಂಡವನು ಕಚೇರಿಯಿಂದ ಕಚೇರಿಗೆ ಅಲೆದ.

ಆದುದರಿಂದ ಕಾರ್ಯದರ್ಶಿಗಳು ಈ ಸಲ ಸದಸ್ಯರ ಹೊಸ ಪುಸ್ತಕ ತಂದಿದ್ದಾರೆ; ಅಲ್ಲಿ ಮೇಜಿನ ಮೇಲಿದೆ. ಹೋಗುವ ಮುಂಚೆ ನಿಮ್ಮ ಪೂರ್ಣ ಹೆಸರು, ಊರು, ಕೆಲಸಕ್ಕೆ ಸೇರಿದ ತಾರೀಖು, ಹಳೆಯ ಟಿಕೇಟಿನ ನಂಬರು ಇದ್ದರೆ ಅದನ್ನೂ ನಿಮ್ಮ ಕೈಯಾರೆ ಬರೆಯಿರಿ. ಬರೆಯಲು ಬಾರದವರು ಹೇಳಿದರೆ ಪಕ್ಕದವರು ಬರೆದುಕೊಡುತ್ತಾರೆ. ಹೆಂಗಸರ ಹೆಸರಿಗೆ ಬೇರೆಯೇ ಸಾಲುಂಟು.